ಅರಮನೆಯವರ ಗಾಜು ಇಳಿಸಿದ ದಿನ

ಕೆಡುವವರ ಮನೆ ಮುಂದೆ ನಿಂತು ನಗಬಾರದು ಅಂತ ಹಿರಿಯರು ಹೇಳುತ್ತಾರೆ. ಆ ಹಿರಿಯರು ಯಾರೂ ಫುಟ್‌ಬಾಲ್ ನೋಡಿದವರಲ್ಲ. ನಾವು ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಭಾವನ ಗಾಜಿನಂಗಡಿಯಲ್ಲಿ ಸೇರಿ ಹನ್ನೊಂದರವರೆಗೆ ನಗುತ್ತಿದ್ದೆವು, ಅದೂ ಒಂದೇ ಮನೆಯವರನ್ನು ನೋಡಿ. ಅರಮನೆ ತಂಡ. ಅದು ಅವರ ನಿಜವಾದ ಹೆಸರಲ್ಲ, ನಾವಿಟ್ಟದ್ದು. ಅವರ ಕ್ರೀಡಾಂಗಣಕ್ಕೆ ಅಮೃತಶಿಲೆಯ ಮೆಟ್ಟಿಲುಗಳಿದ್ದವು, ಆಟಗಾರರ ಸ್ನಾನಕ್ಕೆ ಬಿಸಿನೀರಿನ ತೊಟ್ಟಿಯಿತ್ತು, ಮಾಲೀಕ ಕೂತು ನೋಡಲು ಗಾಜಿನ ಕೋಣೆಯಿತ್ತು. ನಮ್ಮದು ಶೆಡ್ ತಂಡ. ಬಸ್ ಡಿಪೋದ ಹಳೆಯ ಶೆಡ್ಡಿನಲ್ಲಿ ಬಟ್ಟೆ ಬದಲಾಯಿಸಿ ಮೈದಾನಕ್ಕೆ ಇಳಿಯುತ್ತಿದ್ದವರು ನಾವು. ಆ ಹೆಸರನ್ನು ಅವರು ಹಂಗಿಸಲು ಇಟ್ಟರು, ನಾವು ಹಟಕ್ಕೆ ಉಳಿಸಿಕೊಂಡೆವು.

ಭಾವ ಅಂದರೆ ನನ್ನ ಅಕ್ಕನ ಗಂಡ. ಒಂದು ಕಾಲದಲ್ಲಿ ಗೋಲ್‌ಕೀಪರ್, ಈಗ ಗಾಜಿನ ಕೆಲಸದವರು. ಅಪ್ಪನಿಂದ ಬಂದ ಅಂಗಡಿ, ಹಿಂದುಗಡೆಯೇ ಮನೆ. ಅವರ ಕೈ ನೋಡಬೇಕು ನೀವು. ಒಂದೊಂದು ಅಂಗೈಯೂ ಊಟದ ತಟ್ಟೆಯಷ್ಟು ಅಗಲ. ಗಾಜನ್ನು ಮೇಜಿನ ಮೇಲೆ ಮಲಗಿಸಿ, ಕಟರ್ ಹಿಡಿದು ಒಂದೇ ಒಂದು ಗೆರೆ ಎಳೆಯುತ್ತಾರೆ. ಎರಡನೇ ಸಲ ಎಳೆದವನಿಗೆ ಕೆಲಸ ಬರುವುದಿಲ್ಲ ಅಂತ ಅವರ ಮತ. ಆಮೇಲೆ ಅಡಿಯಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಸಾಕು, ಗಾಜು ಗೆರೆಯುದ್ದಕ್ಕೂ ಬಾಯಿ ಬಿಡುತ್ತದೆ. ಇಷ್ಟು ವರ್ಷದಲ್ಲಿ ಆ ಕೈ ನಡುಗಿದ್ದನ್ನು ನಾನು ನೋಡಿರಲಿಲ್ಲ.

ಅಂಗಡಿಯ ಬಾಗಿಲ ಗಾಜಿಗೆ ಭಾವ ಲೀಗಿನ ಪಾಯಿಂಟ್ ಪಟ್ಟಿಯನ್ನು ತಲೆಕೆಳಗಾಗಿ ಅಂಟಿಸಿದ್ದರು. ಕೇಳಿದವರಿಗೆ, "ಹೀಗಾದ್ರೂ ಅರಮನೆಯವರು ಮೇಲಿರ್ಲಿ, ಪಾಪ," ಅನ್ನುತ್ತಿದ್ದರು. ಅರಮನೆಯ ಅಭಿಮಾನಿ ಯಾರಾದರೂ ಒಡೆದ ಕಿಟಕಿಯ ಅಳತೆ ತಂದರೆ ಅವನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ವಿಚಾರಿಸುತ್ತಿದ್ದರು. "ಏನಾಯ್ತು ಸ್ವಾಮಿ? ಚೆಂಡು ಬಿತ್ತಾ? ನಿಮ್ಮ ತಂಡದವರಂತೂ ಹೊಡೆದಿರಲ್ಲ ಬಿಡಿ. ಅವರಿಗೆ ಅಷ್ಟು ಗುರಿ ಎಲ್ಲಿದೆ!" ಆಮೇಲೆ ಗಾಜನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೊಯ್ದು ಕೊಡುತ್ತಿದ್ದರು. ಬಾಯಿಯ ದ್ವೇಷ ಕೆಲಸಕ್ಕೆ ಇಳಿಯಬಾರದು, ಅದೊಂದು ನಿಯಮ ಅವರದು.

ಭಾನುವಾರದ ಸಭೆಯಲ್ಲಿ ನಾವಿಬ್ಬರಲ್ಲದೆ ಖಾಯಂ ಬರುವವರು ಇನ್ನಿಬ್ಬರು. ಒಬ್ಬರು ಲೆಕ್ಕದ ಮೇಷ್ಟ್ರು. ಇನ್ನೊಬ್ಬ ನಿವೃತ್ತ ಪೋಸ್ಟ್‌ಮ್ಯಾನ್, ನಾವು ಅಂಚೆಯಣ್ಣ ಅನ್ನುತ್ತಿದ್ದೆವು. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದವನು, ಈಗ ಹಂಚಲು ಕಾಗದವಿಲ್ಲದೆ ಸುದ್ದಿ ಹಂಚುತ್ತಿದ್ದ.

ಒಂದು ಭಾನುವಾರ ಅಂಚೆಯಣ್ಣ ಬಾಗಿಲಲ್ಲೇ ಕೂಗಿದ. "ಬಿಸಿನೀರಿನ ತೊಟ್ಟಿಗೆ ಗ್ಯಾಸ್ ನಿಲ್ಸಿದಾರಂತೆ! ಆಟಗಾರರು ತಣ್ಣೀರಲ್ಲಿ ನಡುಗ್ತಾ ಸ್ನಾನ ಮಾಡ್ತಿದಾರೆ!"

"ಒಳ್ಳೇದು, ರಕ್ತ ಚೆನ್ನಾಗಿ ಓಡಾಡತ್ತೆ," ಅಂದರು ಭಾವ.

"ಇದೆಲ್ಲ ಯಾಕಾಯ್ತು ಮೇಷ್ಟ್ರೇ? ಅಷ್ಟು ದೊಡ್ಡ ಕ್ಲಬ್ಬು!" ಅಂಚೆಯಣ್ಣನಿಗೆ ಉತ್ತರ ಗೊತ್ತಿತ್ತು. ಮತ್ತೊಮ್ಮೆ ಕೇಳುವ ಸುಖಕ್ಕೆ ಕೇಳಿದ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಹಳೇ ಮಾಲೀಕ ಸತ್ತ. ಮಕ್ಕಳು ಮಾರಿದ್ರು. ಹೊಸಬ ಕೊಂಡ. ಯಾವ ದುಡ್ಡಲ್ಲಿ? ಬ್ಯಾಂಕಿನ ಸಾಲದಲ್ಲಿ. ಸಾಲಕ್ಕೆ ಅಡ ಏನಿಟ್ಟ? ಅದೇ ಕ್ಲಬ್ಬನ್ನ. ಈಗ ಬಡ್ಡಿ ಕಟ್ಟೋರು ಯಾರು? ಅದೇ ಕ್ಲಬ್ಬು."

"ಅರ್ಥ ಆಗ್ಲಿಲ್ಲ."

"ಒಬ್ಬ ಹುಡುಗಿಯ ಒಡವೆ ಅಡ ಇಟ್ಟು, ಆ ದುಡ್ಡಲ್ಲಿ ಅವಳನ್ನೇ ಮದುವೆಯಾಗಿ, ಆಮೇಲೆ ಒಡವೆ ಬಿಡಿಸ್ಕೊಂಡು ಬಾ ಅಂತ ಅವಳನ್ನೇ ಕೂಲಿಗೆ ಕಳಿಸಿದ ಹಾಗೆ."

ಅಂಚೆಯಣ್ಣ ತೊಡೆ ತಟ್ಟಿಕೊಂಡು ನಕ್ಕ. ಭಾವನೂ ನಕ್ಕರು. ಹೊಸ ಮಾಲೀಕ ಬಂದ ವರ್ಷ ಮಾಡಿದ ಮೊದಲ ಕೆಲಸ ಹೆಬ್ಬಾಗಿಲಿಗೆ ಬಂಗಾರದ ಬಣ್ಣ ಹೊಡೆಸಿದ್ದು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆಮೇಲೆ ಒಬ್ಬೊಬ್ಬರನ್ನಾಗಿ ಒಳ್ಳೆಯ ಆಟಗಾರರನ್ನು ಮಾರಿದ. ಉಳಿದವರು ಸೋತರು. ಸೋತದ್ದಕ್ಕೆ ಜನ ಬರಲಿಲ್ಲ. ಜನ ಬರದಿದ್ದಕ್ಕೆ ಬಡ್ಡಿ ಕಟ್ಟುವುದು ನಿಂತಿತು. ಕೊನೆಗೆ ಲೀಗಿನ ಮಂಡಳಿಯೇ, ಈ ತಂಡಕ್ಕೆ ಆಡಲು ಪರವಾನಗಿ ಕೊಡಬೇಕೋ ಬೇಡವೋ ನೋಡುತ್ತೇವೆ ಅಂತ ನೋಟೀಸು ಕೊಟ್ಟಿತ್ತು. ಆ ಒಂದು ತೀರ್ಪಿಗಾಗಿ ನಾವು ದಿನ ಎಣಿಸುತ್ತಿದ್ದೆವು.

ಎಲ್ಲರಿಗಿಂತ ಹೆಚ್ಚಾಗಿ ಎಣಿಸುತ್ತಿದ್ದವನು ನಾನು. ನನ್ನ ದ್ವೇಷಕ್ಕೆ ಹತ್ತೊಂಬತ್ತು ವರ್ಷ ವಯಸ್ಸು, ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಆಗ ಭಾವ ನನಗಿನ್ನೂ ಭಾವ ಆಗಿರಲಿಲ್ಲ. ಶೆಡ್ ತಂಡದ ಗೋಲ್‌ಕೀಪರ್, ನನ್ನ ಗೆಳೆಯ. ನಾನು ಅವನ ಬದಲಿ. ಇಬ್ಬರಿಗೂ ಸೇರಿ ಒಂದೇ ಗೋಲ್‌ಕೀಪರ್ ಅಂಗಿ, ಹಳದಿಯದು. ಇನ್ನೊಂದು ಕೊಳ್ಳಲು ತಂಡಕ್ಕೆ ಗತಿಯಿರಲಿಲ್ಲ. ಅರಮನೆಯವರ ವಿರುದ್ಧ, ಅವರದೇ ಮೈದಾನದಲ್ಲಿ ಆಟ. ಮಳೆ ಬಂದು ಬಿಟ್ಟಿತ್ತು, ಮೈದಾನ ಕೆಸರು. ಅರ್ಧ ಆಟ ಮುಗಿಯುವಾಗ ಅವನ ಕಿರುಬೆರಳ ಕೀಲು ತಪ್ಪಿತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ಒದ್ದೆ ಅಂಗಿ ಬಿಚ್ಚಿ ಕೊಟ್ಟ, ನಾನು ಹಾಕಿಕೊಂಡು ಇಳಿದೆ. ಧ್ವನಿವರ್ಧಕ ಅವತ್ತು ಕೆಟ್ಟಿತ್ತು, ಬದಲಾವಣೆಯನ್ನು ಯಾರೂ ಸಾರಲಿಲ್ಲ. ಇಬ್ಬರೂ ಉದ್ದ, ಇಬ್ಬರೂ ತೆಳ್ಳಗೆ, ಕಿವಿಯವರೆಗೆ ಕೆಸರು. ದೂರದಿಂದ ನೋಡಿದವರಿಗೆ ಒಬ್ಬನೇ.

ಎರಡನೇ ಅರ್ಧದಲ್ಲಿ ನಾನು ಏನು ಆಡಿದೆ ಅಂತ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೂ ಹೇಳುತ್ತೇನೆ, ಬೇರೆ ಯಾರೂ ಹೇಳಲಿಲ್ಲವಲ್ಲ. ಒಂಬತ್ತು ಹೊಡೆತ ತಡೆದೆ. ಮುಗಿಯಲು ಮೂರು ನಿಮಿಷ ಇರುವಾಗ ಪೆನಾಲ್ಟಿ ಹಿಡಿದೆ. ನಾವು ಒಂದು ಗೋಲಿನಿಂದ ಗೆದ್ದೆವು. ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ಅವನ ಹೆಸರು.

ವಾರದೊಳಗೆ ಅರಮನೆಯ ಮನುಷ್ಯ ಕರಾರಿನ ಕಾಗದ ಹಿಡಿದು ಗಾಜಿನಂಗಡಿ ಹುಡುಕಿಕೊಂಡು ಬಂದ. ಆಗಿನ ಮಾಲೀಕ ತನ್ನ ಗಾಜಿನ ಕೋಣೆಯಿಂದ ನೋಡಿ, "ಆ ಹಳದಿ ಅಂಗಿಯವನನ್ನ ತನ್ನಿ," ಅಂದಿದ್ದನಂತೆ. ಭಾವ ಕಾಗದ ಹಿಡಿದು ಶೆಡ್ಡಿಗೆ ಓಡಿ ಬಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಹಾಲಿನ ರುಚಿ ನೋಡಿ ಕೋಣ ಕೊಂಡ್ರಲ್ಲೋ!" ಅಂತ ಯಾರೋ ಕೂಗಿದರು. ದುಡ್ಡಿರುವವರಿಗೆ ಕಣ್ಣಿರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಯಾರೂ ಬಾಯಿ ಬಿಡಬಾರದು ಅಂತ ಇಡೀ ತಂಡ ಆಣೆ ಮಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಹೋಗು, ಸಹಿ ಹಾಕು ಅಂದವನೂ ನಾನೇ. ಅಕ್ಕನ ಜೊತೆ ಅವನ ಮದುವೆಯ ಮಾತು ನಡೆದಿತ್ತು, ಗಾಜು ಕೊಯ್ಯುವವನಿಗೆ ಮಗಳನ್ನು ಕೊಡಲು ಅಪ್ಪ ಹಿಂದೆಮುಂದೆ ನೋಡುತ್ತಿದ್ದರು. ಆ ಕಾಗದ ನೋಡಿದ ಮೇಲೆ ಒಪ್ಪಿದರು.

ನನ್ನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಅರಮನೆಯವರಿಗೆ ವಾರದಲ್ಲೇ ತಪ್ಪು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಆ ಇನ್ನೊಬ್ಬ ಯಾರು ಅಂತ ಹುಡುಕುತ್ತಾರೆ. ನನ್ನ ಹತ್ತಿರ ಬರುತ್ತಾರೆ.

ಬರಲಿಲ್ಲ. ಡಿಪೋದಲ್ಲಿ ಕಂಡಕ್ಟರ್ ಕೆಲಸದ ಆದೇಶ ನನ್ನ ಜೇಬಿನಲ್ಲಿತ್ತು. ಸೇರಲು ಕೊನೆಯ ದಿನದವರೆಗೆ ಕಾದೆ. ಭಾವ ಊರಿಗೆ ಬಂದಾಗಲೆಲ್ಲ, "ನನ್ನ ವಿಷಯ ಏನಾದ್ರೂ ಕೇಳಿದ್ರಾ?" ಅಂತ ಕೇಳುತ್ತಿದ್ದೆ. "ಕೇಳ್ತಾರಾ ಅವರು? ತಪ್ಪು ಅಂತ ಗೊತ್ತು ಕಣೋ, ಒಪ್ಕೊಳ್ಳೋಕೆ ಅಹಂಕಾರ ಬಿಡಲ್ಲ," ಅನ್ನುತ್ತಿದ್ದ. ಕೊನೆಯ ದಿನ ಹೋಗಿ ಖಾಕಿ ಹಾಕಿಕೊಂಡೆ. ಹತ್ತೊಂಬತ್ತು ವರ್ಷ ಟಿಕೆಟ್ ಹರಿದಿದ್ದೇನೆ. ಬಸ್ಸು ಅರಮನೆಯವರ ಹೆಬ್ಬಾಗಿಲ ಮುಂದೆ ಹಾದಾಗಲೆಲ್ಲ ಮನಸ್ಸಿನಲ್ಲಿ ಶಾಪ ಹಾಕಿದ್ದೇನೆ, ದಿನಕ್ಕೆ ಆರು ಸಲ. ನೀವು ಹಾಳಾಗಿ ಹೋಗಿ. ನಿಮ್ಮ ಮೆಟ್ಟಿಲ ಮೇಲೆ ನಾಯಿ ಮಲಗಲಿ.

ಭಾವನನ್ನು ಅವರು ಒಂಬತ್ತು ವರ್ಷ ಇಟ್ಟುಕೊಂಡರು. ಒಂಬತ್ತು ವರ್ಷದಲ್ಲಿ ಒಂದು ನಿಮಿಷ ಆಡಿಸಲಿಲ್ಲ. ಬೆಂಚಿನ ಮೇಲೆ ಕೂತು ಎದ್ದು ಬಂದರು, ಕೂದಲು ನರೆತ ಮೇಲೆ ಅಂಗಡಿಗೆ ಮರಳಿದರು. ಹೀಗೆ ನಮ್ಮಿಬ್ಬರಿಗೂ ಒಂದೇ ಶತ್ರು. ಕರೆದು ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಭಾವನಿಗೆ ಸಿಟ್ಟು, ನನ್ನನ್ನು ಕರೆಯದಿದ್ದಕ್ಕೆ ನನಗೆ ಸಿಟ್ಟು. ಮದುವೆಯಾದ ದಿನದಿಂದ ಗೆಳೆಯ ಹೋಗಿ ಭಾವ ಆದರು, ನೀನು ಹೋಗಿ ನೀವು ಆಯಿತು. ಸಿಟ್ಟು ಮಾತ್ರ ಇಬ್ಬರನ್ನೂ ಒಂದೇ ಮೇಜಿಗೆ ಕಟ್ಟಿಹಾಕಿತ್ತು. ಅಕ್ಕ ಟೀ ತಂದಿಟ್ಟು, "ನಿಮ್ಮಿಬ್ಬರನ್ನ ನೋಡಿದ್ರೆ ಅಣ್ಣತಮ್ಮಂದಿರು ಅನ್ಬೇಕು," ಅನ್ನುತ್ತಿದ್ದಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು. ನನ್ನ ಕೂದಲು ಕೊಂಕಿದರೆ ಊರು ಸುಡುವ ಹೆಂಗಸು.

ಮಂಡಳಿಯ ತೀರ್ಪಿಗೆ ನಾಲ್ಕು ದಿನ ಇರುವಾಗ ಬ್ಯಾಂಕಿನವರು ಭಾವನಿಗೆ ಫೋನ್ ಮಾಡಿದರು. ಅರಮನೆಯ ಕಟ್ಟಡ ಈಗ ಬ್ಯಾಂಕಿನ ಕೈಯಲ್ಲಿದೆ. ಮಾಲೀಕನ ಕೋಣೆಯ ಮುಂಭಾಗದ ಆರು ದೊಡ್ಡ ಗಾಜುಗಳನ್ನು ಯಾರೋ ಕೊಂಡಿದ್ದಾರೆ. ಒಂದೂ ಸೀಳದ ಹಾಗೆ ಕಿತ್ತು ಇಳಿಸಿಕೊಡಬೇಕು.

ಸುದ್ದಿ ಕೇಳಿ ಅಂಚೆಯಣ್ಣ ಕುಣಿದ. "ನನ್ನ ಹೆಸರಲ್ಲಿ ಒಂದು ಕಲ್ಲು ಹೊಡೆದು ಬಾ!"

"ಒಡೆಯೋದು ಯಾರಿಗೂ ಬರತ್ತೆ," ಅಂದರು ಭಾವ. "ಹಳೇ ಮಾಲೀಕ ಕೂತು ಬೆರಳು ತೋರಿಸಿದ ಗಾಜು ಅದು. ಇಡಿಯಾಗಿ ಕಿತ್ಕೊಂಡು ಬರ್ತೀನಿ. ಬರೀ ಚೌಕಟ್ಟು ಬಾಯಿ ಬಿಟ್ಕೊಂಡು ನಿಂತಿರಬೇಕು."

ದೊಡ್ಡ ಗಾಜಿನ ಕೆಲಸಕ್ಕೆ ಇನ್ನೊಂದು ತುದಿ ಹಿಡಿಯಲು ನಾನೇ ಹೋಗುವುದು ವಾಡಿಕೆ. ಈ ಸಲ ಮಾತ್ರ ಭಾವ, "ಬೇಡ, ನಿಂಗೆ ಡ್ಯೂಟಿ ಇರತ್ತೆ, ಬೇರೆ ಯಾರನ್ನಾದ್ರೂ ಕರ್ಕೊಳ್ತೀನಿ," ಅಂದರು. ನನಗೆ ನಗು ಬಂತು. ಅರಮನೆಯ ಕಣ್ಣು ಕೀಳುವ ದಿನ ನಾನು ಟಿಕೆಟ್ ಹರಿಯುತ್ತಾ ನಿಲ್ಲುವುದೆ? ರಜೆ ಹಾಕಿ ಹೊರಟೇಬಿಟ್ಟೆ.

ಒಳಗೆ ಕಾಲಿಟ್ಟಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಲಿಫ್ಟಿಗೆ ಕರೆಂಟಿರಲಿಲ್ಲ. ಮಾಲೀಕನ ಕೋಣೆಯ ನೆಲಹಾಸನ್ನು ಕಿತ್ತು ಒಯ್ದಿದ್ದರು, ಅಂಟಿನ ಕಲೆಗಳು ನೆಲದ ತುಂಬ ಉಳಿದಿದ್ದವು. ಚರ್ಮದ ಕುರ್ಚಿಗಳ ಕಾಲಿಗೆ ನಂಬರಿನ ಚೀಟಿ ಕಟ್ಟಿದ್ದರು. ಮೂಲೆಯ ಫ್ರಿಜ್ಜಿನ ಬಾಗಿಲು ತೆರೆದಿತ್ತು, ಒಳಗೆ ಹುಳಿತ ಏನೋ ವಾಸನೆ. ಗಾಜಿನಾಚೆ ಮೈದಾನದಲ್ಲಿ ಎರಡೂ ಗೋಲಿನ ಮುಂದೆ ಹುಲ್ಲು ಸತ್ತು ಮಣ್ಣು ಕಾಣುತ್ತಿತ್ತು. ನಾನು ಎಲ್ಲಕ್ಕಿಂತ ದೊಡ್ಡ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದೆ. "ಆ ಮುದುಕನನ್ನ ತನ್ನಿ," ಅಂತ ಭಾವನ ಕಡೆ ಬೆರಳು ತೋರಿಸಿದೆ. ಭಾವ ನಗಲಿಲ್ಲ. ಗಾಜನ್ನು ಚೌಕಟ್ಟಿಗೆ ಹಿಡಿದಿಟ್ಟ ಬೀಡಿಂಗ್ ಪಟ್ಟಿಯನ್ನು ಬೇಗ ಬೇಗ ಕೀಳುತ್ತಿದ್ದರು. ಯಾವ ಕೆಲಸದಲ್ಲೂ ಆತುರಪಡದ ಮನುಷ್ಯ ಅವತ್ತು ಬೆವರುತ್ತಿದ್ದರು.

ನಾಲ್ಕು ಗಾಜು ಇಳಿಸಿದ್ದೆವು. ಐದನೆಯದರ ಅಂಚಿಗೆ ಮೆತ್ತಿದ್ದ ಹಳೆಯ ಪುಟ್ಟಿಯನ್ನು ನಾನು ಕೆರೆಯುತ್ತಿದ್ದೆ. ಆಗ ಪಕ್ಕದ ಕೋಣೆಯಿಂದ ಒಬ್ಬ ವೃದ್ಧರು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಬೆನ್ನು ಬಾಗಿತ್ತು, ಕೊರಳಲ್ಲಿ ಹಳೆಯ ಸೀಟಿ. ಗೋಡೆಯ ಮೇಲಿದ್ದ ತಮ್ಮ ಫೋಟೋಗಳನ್ನು ಬ್ಯಾಂಕಿನವರು ಬೀಗ ಹಾಕುವ ಮೊದಲು ಒಯ್ಯಲು ಬಂದಿದ್ದರಂತೆ. ಅರಮನೆಯ ಹಳೆಯ ಕೋಚ್. ಭಾವನನ್ನು ನೋಡಿ, "ಓ, ನೀನಾ. ಚೆನ್ನಾಗಿದೀಯಾ?" ಅಂದರು. ಭಾವ ತಲೆಯಾಡಿಸಿದರು, ಅಷ್ಟೇ.

ಕೋಚ್ ಹೊರಟವರು ನನ್ನ ಕೈ ನೋಡಿ ನಿಂತರು. ನಾನು ಎಡಚ. ಕೆರೆಯುವ ಕತ್ತಿಯೂ ಎಡಗೈಯಲ್ಲೇ ಇತ್ತು.

"ನೀವು ಎಡಗೈಯವರು," ಅಂದರು. ನನ್ನ ಉದ್ದ ನೋಡಿದರು, ಮುಖ ನೋಡಿದರು. "ಹಳದಿ ಅಂಗಿ. ಎರಡನೇ ಅರ್ಧ. ಪೆನಾಲ್ಟಿ ಹಿಡಿದವರು ನೀವು."

ನನ್ನ ಕತ್ತಿ ನಿಂತಿತು. ಶೆಡ್ಡಿನವರನ್ನು ಬಿಟ್ಟರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರದ ಮಾತು ಅದು.

"ನಿಮಗೆ ಹೇಗೆ ಗೊತ್ತು ಸಾರ್?"

"ಮೊದಲನೇ ದಿನದ ಪ್ರಾಕ್ಟೀಸಲ್ಲೇ ಗೊತ್ತಾಯ್ತು. ಪೆನಾಲ್ಟಿ ಹಿಡಿದವನು ಎದ್ದು ಚೆಂಡನ್ನ ಎಡಗೈಲಿ ಎಸೆದಿದ್ದ, ಮೈದಾನದ ಅರ್ಧದವರೆಗೆ. ಇವನು ಬಲಗೈಲಿ ಎಸೆದ."

ಹತ್ತೊಂಬತ್ತು ವರ್ಷ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ವಿಷ ಹೊರಗೆ ಬಂತು. "ಗೊತ್ತಾಗಿಯೂ ಸುಮ್ನೆ ಕೂತ್ರಿ. ಒಬ್ಬ ಬಡವನನ್ನ ಹುಡುಕ್ಕೊಂಡು ಬಂದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತು, ಅಲ್ವಾ?"

ಅವರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ಸುಮ್ನೆ? ಎರಡು ಕಾಗದ ಬರೆದೆನಲ್ಲಪ್ಪ ನಿಮಗೆ! ನಿಮ್ಮ ಕ್ಲಬ್ಬಿನವರಿಗೆ ಗೊತ್ತಾದ್ರೆ ಅಡ್ಡ ಹಾಕ್ತಾರೆ ಅಂತ ಇವನ ಕೈಲೇ ಕೊಟ್ಟು ಕಳಿಸಿದ್ದೆ. ಮೊದಲನೇ ಸಲ, ಅರಮನೆಯವರ ಅಂಗಿ ಮುಟ್ಟಲ್ಲ ಅಂದ್ರಂತೆ. ಎರಡನೇ ಸಲ, ಆಟಾನೇ ಬಿಟ್ಟೆ ಅಂದ್ರಂತೆ." ಆಮೇಲೆ ಬಹಳ ಮೆತ್ತಗೆ ಕೇಳಿದರು. "ಯಾಕಪ್ಪ ಬರ್ಲಿಲ್ಲ ನೀವು?"

ನಾನು ಭಾವನ ಕಡೆ ನೋಡಿದೆ. ಭಾವ ಐದನೆಯ ಗಾಜಿಗೆ, ಎತ್ತಲು ಕಚ್ಚಿ ಹಿಡಿಯುವ ರಬ್ಬರಿನ ಹಿಡಿ ಒತ್ತುತ್ತಿದ್ದರು. ಒತ್ತಿದ್ದನ್ನೇ ಮತ್ತೆ ಮತ್ತೆ ಒತ್ತುತ್ತಿದ್ದರು.

"ಮನೇಲಿ ಕಷ್ಟ ಇತ್ತು ಸಾರ್," ಅಂದೆ. ಎಷ್ಟಾದರೂ ಹೊರಗಿನವರು. ಮನೆಯ ಹೊಲಸನ್ನು ಅವರ ಮುಂದೆ ಹರಡುವುದು ನನ್ನಿಂದಾಗಲಿಲ್ಲ.

"ಅಯ್ಯೋ. ಒಳ್ಳೆ ಕೈ ನಿಮ್ದು," ಅಂದು ಕೋಚ್ ಪೆಟ್ಟಿಗೆ ಅಪ್ಪಿಕೊಂಡು ಮೆಟ್ಟಿಲಿಳಿದು ಹೋದರು.

ಇಲ್ಲಿಂದ ಮುಂದೆ ಭಾವನಿಗೆ ಬಹುವಚನ ಕೊಟ್ಟು ಬರೆಯಲು ನನ್ನ ಕೈ ಬರುವುದಿಲ್ಲ, ಕ್ಷಮಿಸಿ.

ಇಬ್ಬರೂ ಐದನೆಯ ಗಾಜನ್ನು ಚೌಕಟ್ಟಿನಿಂದ ಬಿಡಿಸಿದೆವು. ನನ್ನೆತ್ತರದ ಗಾಜು, ಇಬ್ಬರು ಗಂಡಸರು ಹೊರುವಷ್ಟು ಭಾರ. ಕೆಳಗಿನ ತುದಿ ಹಿಡಿದು ಭಾವ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಇಳಿಯುತ್ತಿದ್ದ. ಮೇಲಿನ ತುದಿ ನನ್ನ ಕೈಯಲ್ಲಿ. ಅಮೃತಶಿಲೆಯ ಮೆಟ್ಟಿಲು, ಬಲು ನುಣುಪು. ಅರ್ಧ ದಾರಿಯಲ್ಲಿ ನಾನು ನಿಂತೆ. ನಾನು ನಿಂತರೆ ಅವನೂ ನಿಲ್ಲಲೇಬೇಕು. ನಡ ಬಾಗಿಸಿ, ಪೂರ್ತಿ ಭಾರ ಎದೆಗೆ ಆನಿಸಿಕೊಂಡು ನಿಂತ. ನಡುವೆ ಗಾಜು, ಆಚೆ ಅವನ ಮುಖ.

"ಕಾಗದ ಏನು ಮಾಡ್ದೆ?"

ಎಷ್ಟೋ ವರ್ಷದ ಮೇಲೆ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು. ಅವನು ಅದನ್ನು ಗಮನಿಸಿದ.

"ಹರಿದುಹಾಕ್ದೆ."

"ಎರಡೂ?"

"ಎರಡೂ."

"ಯಾಕೆ?"

"ನೀನು ಬಂದಿದ್ರೆ ಅವತ್ತೇ ನನ್ನ ಮನೆಗೆ ಕಳಿಸ್ತಿದ್ರು. ನಿಮ್ಮಪ್ಪ ಮದುವೆ ಮುರೀತಿದ್ರು. ಇನ್ನೂ ಒಂದು ತಿಂಗಳಿತ್ತು ಮದುವೆಗೆ."

"ಮದುವೆ ಆಯ್ತಲ್ಲ. ಆಮೇಲೆ?"

"ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?" ಅವನ ಉಸಿರು ಗಾಜಿಗೆ ಮಂಜಿನ ಹಾಗೆ ಹತ್ತುತ್ತಿತ್ತು. "ಒಂದೇ ಒಂದು ಆಟ ಆಡಿಸ್ತಾರೆ, ಆಡಿ ತೋರಿಸ್ತೀನಿ, ನಾನೂ ಏನೂ ಕಮ್ಮಿ ಇಲ್ಲ ಅಂತ. ಆಮೇಲೆ ನಿಂಗೆ ಹೇಳೋಣ ಅಂದ್ಕೊಂಡೆ. ಆಡಿಸ್ಲೇ ಇಲ್ಲ ಕಣೋ. ಒಂಬತ್ತು ವರ್ಷ ಕಾದೆ."

"ನಾನೂ ಕಾದೆ. ಡಿಪೋದ ಬಾಗಿಲಲ್ಲಿ. ನನ್ನ ವಿಷಯ ಕೇಳಿದ್ರಾ ಅಂತ ನಿನ್ನನ್ನೇ ಕೇಳ್ತಿದ್ದೆ."

ಅವನು ಗಾಜನ್ನು ಎದೆಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡ. ಅವನ ತೋಳು ಅದುರಲು ಶುರುವಾಗಿತ್ತು. ಅಂಚೆಯಲ್ಲಿ ಹಾಕಿದ್ದರೆ ಅಂಚೆಯಣ್ಣನೇ ಆ ಕಾಗದ ತಂದು ನನ್ನ ಕೈಗಿಡುತ್ತಿದ್ದ ಅಂತ ನನಗೆ ಹೊಳೆದು, ನಗು ಬಂದ ಹಾಗಾಯಿತು. ಹತ್ತೊಂಬತ್ತು ವರ್ಷ, ದಿನಕ್ಕೆ ಆರು ಸಲ, ತಪ್ಪು ಮನೆಗೆ ಶಾಪ ಹಾಕಿದ್ದೆ. ಕರೆದವರಿಗೇ ಶಾಪ ಹಾಕಿದ್ದೆ. ಕರೆಯನ್ನು ಹರಿದುಹಾಕಿದವನ ಅಂಗಡಿಯಲ್ಲಿ ಕೂತು, ಅವನ ಮನೆಯ ಟೀ ಕುಡಿದು.

"ಅಕ್ಕನಿಗೆ ಗೊತ್ತಾ?"

"ಇಲ್ಲ." ಅವನ ಕಣ್ಣು ತುಂಬಿತು. "ಅವಳಿಗೆ ಹೇಳ್ಬೇಡ. ನಿನ್ನ ಬದುಕು ತಿಂದು ಅವಳನ್ನ ಕಟ್ಕೊಂಡೆ ಅಂತ ಗೊತ್ತಾದ್ರೆ ಅವಳು ಒಂದು ದಿನ ನನ್ನ ಜೊತೆ ಇರಲ್ಲ. ನಿಂಗೇ ಗೊತ್ತಲ್ಲ ಅವಳು."

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ನಾನು ಕೈ ಬಿಟ್ಟಿದ್ದರೆ ಗಾಜಿನ ಜೊತೆ ಅವನೂ ಮೆಟ್ಟಿಲುದ್ದಕ್ಕೂ ಹೋಗುತ್ತಿದ್ದ. ಬಿಡಲಿಲ್ಲ. ಕನಿಕರದಿಂದ ಅಂದುಕೊಳ್ಳಬೇಡಿ. ಗಾಜು ಬಿದ್ದರೆ ಒಂದು ಗಳಿಗೆಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ನನ್ನದು ಹತ್ತೊಂಬತ್ತು ವರ್ಷದ್ದು, ಅಷ್ಟು ಬೇಗ ಮುಗಿಯಲು ನನಗೆ ಮನಸ್ಸಿರಲಿಲ್ಲ.

"ಇಳಿ," ಅಂದೆ. ಆರನೆಯ ಗಾಜನ್ನೂ ಇಳಿಸಿದೆವು. ಒಂದೂ ಸೀಳಲಿಲ್ಲ.

ಭಾನುವಾರ ತೀರ್ಪು ಬಂದಿತ್ತು. ಪರವಾನಗಿ ರದ್ದು. ಅರಮನೆಯವರು ಇನ್ನು ಕಟ್ಟಕಡೆಯ ದರ್ಜೆಯಲ್ಲಿ, ನಮ್ಮಂಥ ಶೆಡ್ಡಿನವರಿಗಿಂತ ಕೆಳಗೆ, ಹುಲ್ಲಿಲ್ಲದ ಮೈದಾನಗಳಲ್ಲಿ ಆಡಬೇಕು. ಅಂಚೆಯಣ್ಣ ಪತ್ರಿಕೆಯನ್ನು ಬಾವುಟದ ಹಾಗೆ ಬೀಸುತ್ತ ಬಂದ. ಮೇಷ್ಟ್ರು ಎಲ್ಲರಿಗೂ ಸಿಹಿ ಹಂಚಿದರು. "ಏನಪ್ಪ, ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ವಾ? ಮುಖ ಯಾಕೆ ಹಂಗಿದೆ?" ಅಂತ ನನ್ನ ಬೆನ್ನಿಗೆ ಗುದ್ದಿದ ಅಂಚೆಯಣ್ಣ. ನಾನು ಸಿಹಿ ಬಾಯಿಗಿಟ್ಟುಕೊಂಡೆ. ಅರಮನೆಯವರ ಬಗ್ಗೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಪಾಪ, ಎರಡು ಕಾಗದ ಬರೆದಿದ್ದರು.

ಭಾವ ಮೇಜಿನ ಹತ್ತಿರ ಬೆನ್ನು ಹಾಕಿ ನಿಂತು ಗಾಜು ಕೊಯ್ಯುತ್ತಿದ್ದ. ಭಾನುವಾರ ಅವನು ಕೆಲಸ ಮಾಡುವವನಲ್ಲ.

ಅಕ್ಕ ಟೀ ತಟ್ಟೆ ಹಿಡಿದು ಬಂದಳು. "ಇನ್ನಾದ್ರೂ ನಿಮ್ಮಿಬ್ಬರ ಹೊಟ್ಟೆ ಉರಿ ತಣ್ಣಗಾಯ್ತಾ?"

"ಅಕ್ಕ," ಅಂದೆ, "ನಿಂಗೊಂದು ಮಾತು ಹೇಳ್ಬೇಕು."

ಕಟರ್ ಗಾಜಿನ ಮೇಲೆ ಕಿರ್ರ್ ಅಂದಿತು. ಎಲ್ಲರೂ ತಿರುಗಿದರು. ಗೆರೆ ಅಡ್ಡ ಹೋಗಿತ್ತು. ಅಂಥದ್ದನ್ನು ಆ ಅಂಗಡಿಯಲ್ಲಿ ಯಾರೂ ನೋಡಿರಲಿಲ್ಲ.

"ಏನೋ, ಹೇಳೋ," ಅಂದಳು ಅಕ್ಕ.

ಭಾವ ತಿರುಗಿ ನನ್ನನ್ನು ನೋಡಿದ. ಪೆನಾಲ್ಟಿ ಹೊಡೆಯುವವನ ಕಾಲನ್ನು ಗೋಲ್‌ಕೀಪರ್ ಹೇಗೆ ನೋಡುತ್ತಾನೋ ಹಾಗೆ ನೋಡಿದ. ನಾನು ಒಂದು ಗುಟುಕು ಟೀ ಕುಡಿದೆ. ಇನ್ನೊಂದು ಗುಟುಕು ಕುಡಿದೆ.

"ಟೀಗೆ ಸಕ್ಕರೆ ಕಮ್ಮಿ."

"ಅಷ್ಟಕ್ಕೆ ಇಷ್ಟು ಪೀಠಿಕೆನಾ! ಹೋಗೋ ಮಂಗ," ಅಂದು ಅಕ್ಕ ನನ್ನ ತಲೆಗೆ ಮೊಟಕಿದಳು. ಎಲ್ಲರೂ ನಕ್ಕರು.

ಮುಂದಿನ ಭಾನುವಾರವೂ ನಾನು ಅದೇ ಮಾಡಿದೆ. "ಅಕ್ಕ, ಹಳೇ ವಿಷಯ ಒಂದು ನಿಂಗೆ ಹೇಳ್ಬೇಕಿತ್ತು." ಬಾಗಿಲ ಕೀಲು ಕೀರಲಿಡುತ್ತಿದೆ, ಎಣ್ಣೆ ಹಾಕಿಸು ಅಂದೆ. ಅದರ ಮುಂದಿನ ಭಾನುವಾರ, "ಅಕ್ಕ, ನಿನ್ನ ಮದುವೆಗೆ ಮುಂಚೆ ಒಂದು ಸಂಗತಿ ನಡೀತು," ಅಂತ ಶುರುಮಾಡಿ, ಸುಮ್ಮನಾಗಿ, ಅಪ್ಪ ಒಂದು ಸಲ ಛತ್ರಿ ಕಳೆದುಕೊಂಡ ಕಥೆ ಹೇಳಿದೆ. ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಭಾವ ಟೀ ಲೋಟ ಕೆಳಗಿಟ್ಟ, ಅರ್ಧ ಟೀ ಮೇಜಿನ ಮೇಲೆ ಚೆಲ್ಲಿತ್ತು. ನಾನು ಮಾಡುತ್ತಿರುವುದು ನೀಚತನ ಅಂತ ನನಗೆ ಗೊತ್ತು. ಸುಖವಾಗಿತ್ತು ಅನ್ನುವುದೂ ನಿಜ. ಇಷ್ಟು ಸುಖ ಅರಮನೆಯವರು ಹತ್ತು ಸಲ ಸೋತಾಗಲೂ ಸಿಕ್ಕಿರಲಿಲ್ಲ.

ನಾಲ್ಕನೆಯ ಭಾನುವಾರ ಎಲ್ಲರೂ ಹೋದ ಮೇಲೆ ಭಾವ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು ನನ್ನೆದುರು ನಿಂತ. ತಿಂಗಳಲ್ಲಿ ಇಳಿದುಹೋಗಿದ್ದ. ಎರಡು ಬೆರಳಿಗೆ ಬಟ್ಟೆ ಸುತ್ತಿದ್ದ, ಗಾಜು ಕೊಯ್ದಿತ್ತು.

"ನಾನೇ ಹೇಳಿಬಿಡ್ತೀನಿ ಕಣೋ. ಈಗ್ಲೇ ಒಳಗೆ ಹೋಗಿ ಹೇಳ್ತೀನಿ. ಬಿಟ್ಟು ಹೋದ್ರೆ ಹೋಗ್ಲಿ. ತಡ್ಕೊಳ್ಳೋಕೆ ಆಗ್ತಿಲ್ಲ."

"ಹೇಳು," ಅಂದೆ. "ನೀನು ಹೇಳಿದ್ರೆ ನಾನು ಅಕ್ಕನಿಗೆ ಏನು ಹೇಳ್ತೀನಿ ಗೊತ್ತಾ? ಅದೆಲ್ಲ ಸುಳ್ಳು, ಭಾವನಿಗೆ ತಲೆ ಕೆಟ್ಟಿದೆ, ಕಾಗದ ನನ್ನ ಕೈ ಸೇರಿತ್ತು, ನಾನೇ ಬೇಡ ಅಂದಿದ್ದೆ ಅಂತೀನಿ. ನಮ್ಮಿಬ್ಬರಲ್ಲಿ ಅವಳು ಯಾರ ಮಾತು ನಂಬ್ತಾಳೆ?"

ತಾನೇ ಹೇಳಿದರೆ ಅಕ್ಕ ನಂಬುವುದಿಲ್ಲ ಅಂತ ಅವನಿಗೆ ಅರ್ಥವಾಯಿತು. ಅವಳು ಬೈಯುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ, ಕ್ಷಮಿಸುವುದೂ ಇಲ್ಲ.

"ಮತ್ತೆ ನೀನು ಯಾವತ್ತು ಹೇಳ್ತೀಯ?" ಅಂತ ಕೇಳಿದ.

"ನಂಗೆ ಹೇಳ್ಬೇಕು ಅನ್ನಿಸಿದ ದಿನ."

ಅಕ್ಕ ಒಳಗಿನಿಂದ ಊಟಕ್ಕೆ ಕೂಗಿದಳು, ಇಬ್ಬರನ್ನೂ. ಭಾವ ಕದಲಲಿಲ್ಲ. ನಾನು ಕೈ ತೊಳೆದುಕೊಂಡು ಒಳಗೆ ಹೋದೆ.